ಗೋಡೆ ತೆಳು, ರಸ್ತೆ ಗಿಜಿಗಿಜಿ: ಆಕ್ಸ್‌ಫರ್ಡಿನ ಕೌಲಿ ರೋಡ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ನಾನಿರುವ ಕೌಲಿ ರೋಡಿನ ಬಗ್ಗೆ ಸುಮ್ನೆ ನಾಲ್ಕು ಸಾಲು ಬರೆದಿದ್ದೆ. ಮಕ್ಕಳನ್ನು ಓದಲು ಕಳಿಸುವವರು, ಆಗಲೇ ಬಂದು ಇಲ್ಲಿರುವವರು, ಬರಬೇಕೆಂದು ಯೋಚಿಸುತ್ತಿರುವವರು ಎಲ್ಲರೂ ಬರೆದಿದ್ದೀರಿ. ಒಬ್ಬರಾದರೂ ಆಕ್ಸ್‌ಫರ್ಡಿನ ಹಳೇ ಗೋಪುರಗಳ ಬಗ್ಗೆ ಕೇಳಬೇಕಲ್ವಾ? ಇಲ್ಲ. ಮನೆ, ಬಾಡಿಗೆ, ಗಲಾಟೆ, ಒಗ್ಗರಣೆ, ಇಷ್ಟೇ. ಒಳ್ಳೆಯದೇ ಆಯಿತು, ನನಗೆ ಚೆನ್ನಾಗಿ ಗೊತ್ತಿರುವುದೂ ಅದೇ. ಹದಿನಾಲ್ಕು ವರ್ಷದಿಂದ ಈ ಓಣಿಗಳಲ್ಲಿದ್ದೇನೆ, ಮೊದಲ ಮೂರು ವರ್ಷ ನಾಲ್ಕು ಜನರ ಜೊತೆ ಒಂದೇ ಅಡುಗೆಮನೆ ಹಂಚಿಕೊಂಡವಳು.

ಜಾಗ ನೋಡದವರಿಗೆ ಒಂದು ಮಾತು. ಕಾಲೇಜುಗಳಿರುವ ಹೈ ಸ್ಟ್ರೀಟಿನಲ್ಲಿ ಪೂರ್ವಕ್ಕೆ ನಡೆದುಕೊಂಡು ಬಂದರೆ ಒಂದು ಸೇತುವೆ, ಕೆಳಗೆ ಹೊಳೆ. ಸೇತುವೆ ದಾಟಿದ ಕೂಡಲೇ 'ದಿ ಪ್ಲೇನ್' ಎಂಬ ಸರ್ಕಲ್. ಅಲ್ಲಿಂದ ಮೂರು ರಸ್ತೆ ಕವಲೊಡೆಯುತ್ತವೆ: ಎಡಕ್ಕೆ ಸೇಂಟ್ ಕ್ಲೆಮೆಂಟ್ಸ್, ನಡುವೆ ಕೌಲಿ ರೋಡ್, ಬಲಕ್ಕೆ ಇಫ್ಲಿ ರೋಡ್. ಇವುಗಳ ನಡುವಿನ ಸಣ್ಣ ಸಣ್ಣ ಓಣಿಗಳಲ್ಲಿ ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಸಾಲು. ಆ ಸಾಲುಗಳ ತುಂಬ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು. ಇದೇ ಪೂರ್ವ ಆಕ್ಸ್‌ಫರ್ಡ್.

ಪ್ರಶ್ನೆ: ನಮ್ಮ ಮಗಳು ಸೆಪ್ಟೆಂಬರಿನಲ್ಲಿ ಎಂ.ಎಸ್ಸಿ. ಓದಲು ಆಕ್ಸ್‌ಫರ್ಡಿಗೆ ಹೊರಟಿದ್ದಾಳೆ. ಕೌಲಿ ರೋಡ್ ಪಕ್ಕದ ಓಣಿಯಲ್ಲಿ ಐದು ಜನರಿರುವ ಮನೆಯಲ್ಲಿ ಒಂದು ರೂಮು ನೋಡಿಕೊಂಡಿದ್ದಾಳೆ. ಹುಡುಗರೂ ಇದ್ದಾರಂತೆ. ಲಂಡನ್ನಿನಲ್ಲಿರುವ ನೆಂಟರು 'ಅದು ಸರಿಯಾದ ಏರಿಯಾ ಅಲ್ಲ, ಬರೀ ಕುಡಿತ, ಗಲಾಟೆ' ಅನ್ನುತ್ತಾರೆ. ಕಳಿಸಬಹುದಾ? (ಒಬ್ಬ ತಂದೆ, ದಾವಣಗೆರೆ)

ಕಳಿಸಿ ಯಜಮಾನರೇ. ಆದರೆ ದುಡ್ಡು ಕಳಿಸುವ ಮೊದಲು ನಾನು ಕೊನೆಯಲ್ಲಿ ಹೇಳುವ ಎರಡು ಕೆಲಸ ಮಾಡಿ.

ನಿಮ್ಮ ನೆಂಟರ ಮಾತನ್ನು ನಾನೂ ಬಂದ ವರ್ಷವೇ ಕೇಳಿದ್ದೆ. ಹೇಳಿದವರು ಇಲ್ಲಿ ಒಂದು ರಾತ್ರಿಯೂ ತಂಗಿದವರಲ್ಲ. ಇಲ್ಲಿ ಎಲ್ಲ ಬಣ್ಣದ ಜನ ಇದ್ದಾರೆ, ಅಂಗಡಿ ಬೋರ್ಡುಗಳಲ್ಲಿ ಏನೇನೋ ಲಿಪಿ, ಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರ, ಫುಟ್‌ಪಾತಿನಲ್ಲಿ ತರಕಾರಿ ಕ್ರೇಟು. ಅವರಿಗೆ ಕಸಿವಿಸಿ ಆಗುವುದು ಇದರಿಂದ. ನಾವೂ ಆ 'ಎಲ್ಲ ಬಣ್ಣದ ಜನ'ದ ಲೆಕ್ಕದಲ್ಲೇ ಬರುತ್ತೇವೆ ಅನ್ನುವುದು ಅವರಿಗೆ ಹೇಗೋ ಮರೆತಿರುತ್ತದೆ.

ಈ ಜಾಗ ಯಾಕೆ ಹೀಗಿದೆ ಅಂದರೆ, ಇದು ಮೊದಲಿಂದಲೂ ದುಡಿಯುವವರ ಕೇರಿ. ಸೇತುವೆಯ ಆಚೆ ಕಾಲೇಜು, ಈಚೆ ಕೆಲಸದವರು. ಇಲ್ಲಿನ ಜೇಮ್ಸ್ ಸ್ಟ್ರೀಟ್ 16ನೇ ನಂಬರ್ ಮನೆಯಲ್ಲಿ ವಿಲಿಯಂ ಮಾರಿಸ್ ಎಂಬ ಹುಡುಗ 1893ರ ಸುಮಾರಿಗೆ ಸೈಕಲ್ ರಿಪೇರಿ ಶುರು ಮಾಡಿದ. 1913ಕ್ಕೆ ಕಾರು ತಯಾರಿಸಿದ. ಮುಂದೆ ಕೌಲಿಯಲ್ಲಿ ದೊಡ್ಡ ಕಾರ್ಖಾನೆಯೇ ಎದ್ದಿತು, ಅವನು ಲಾರ್ಡ್ ನಫೀಲ್ಡ್ ಆದ. ಆ ಮನೆ ಮುಂದೆ ಈಗ ಹೆಸರಾದವರ ನೆನಪಿಗೆ ಹಾಕುವ ನೀಲಿ ಫಲಕವಿದೆ, ಕಾರ್ಖಾನೆಯಲ್ಲಿ 'ಮಿನಿ' ಎಂಬ ಹೆಸರಿನ ಕಾರು ತಯಾರಾಗುತ್ತದೆ. ಕಾರ್ಖಾನೆ ಕೆಲಸಕ್ಕೆ ಅಂತ 1930ರ ದಶಕದಲ್ಲಿ ವೇಲ್ಸ್‌ನಿಂದ ಜನ ಬಂದರು, ಯುದ್ಧದ ನಂತರದ ದಶಕಗಳಲ್ಲಿ ಕೆರಿಬಿಯನ್ ದ್ವೀಪಗಳಿಂದ, ಪಾಕಿಸ್ತಾನ ಬಾಂಗ್ಲಾ ಕಡೆಯಿಂದ ಬಂದವರೂ ಇಲ್ಲಿ ನೆಲೆ ನಿಂತರು. ಕೌಲಿ ರೋಡಿನಿಂದ ಒಳಗೆ ಹೋಗುವ ಒಂದು ರಸ್ತೆಯ ಹೆಸರು 'ಮಂಜಿಲ್ ವೇ'. ಹಿಂದೆ ಅಲ್ಲಿ ಗತಿಯಿಲ್ಲದವರನ್ನು ಇಟ್ಟು ದುಡಿಸುತ್ತಿದ್ದ ವರ್ಕ್‌ಹೌಸ್ ಇತ್ತು, ಆಮೇಲೆ ಅದೇ ಆಸ್ಪತ್ರೆ ಆಯಿತು, ಈಗ ಅಲ್ಲಿ ಮಸೀದಿ, ಹೆಲ್ತ್ ಸೆಂಟರ್ ಇವೆ. ಹಳೇ ವರ್ಕ್‌ಹೌಸಿನ ಪ್ರಾರ್ಥನಾ ಮಂದಿರದಲ್ಲಿ ಏಷ್ಯನ್ನರ ಸಾಂಸ್ಕೃತಿಕ ಕೇಂದ್ರ ನಡೆಯುತ್ತದೆ. ಇದೆಲ್ಲದರ ಮೇಲೆ ಎರಡು ಯೂನಿವರ್ಸಿಟಿಗಳ ಹುಡುಗರು. ಆಕ್ಸ್‌ಫರ್ಡ್ ಯೂನಿವರ್ಸಿಟಿಯವರು ಸೇತುವೆ ದಾಟಿ ಬರುತ್ತಾರೆ, ಆಕ್ಸ್‌ಫರ್ಡ್ ಬ್ರೂಕ್ಸ್‌ನವರು ಹೆಡಿಂಗ್ಟನ್ ಗುಡ್ಡ ಇಳಿದು ಬರುತ್ತಾರೆ. ಕಾರ್ಮಿಕರ ಕುಟುಂಬಕ್ಕೆ ಕಟ್ಟಿದ ಮನೆಯ ಮುಂದಿನ ಹಾಲು ಈಗ ಒಬ್ಬರ ಬೆಡ್‌ರೂಮು. ಜನ ಒತ್ತೊತ್ತಾಗಿರುವುದು ಹೀಗೆ.

ಈಗ ಸುರಕ್ಷತೆ. ರಾತ್ರಿ ಹನ್ನೊಂದಕ್ಕೂ ಇಲ್ಲಿ ಅಂಗಡಿ ದೀಪ ಇರುತ್ತದೆ, ಬಸ್ಸಿರುತ್ತದೆ, ರಸ್ತೆಯಲ್ಲಿ ಜನ ಇರುತ್ತಾರೆ. ಲೈಬ್ರರಿಯಿಂದ ಒಬ್ಬಳೇ ನಡೆದು ಬರುವ ಹುಡುಗಿಗೆ ಇದು ಸಣ್ಣ ವಿಷಯ ಏನಲ್ಲ. ಊರ ಉತ್ತರ ಭಾಗದ ಶ್ರೀಮಂತರ ಬೀದಿಗಳಲ್ಲಿ ರಾತ್ರಿ ಒಂಬತ್ತಕ್ಕೆ ನನ್ನ ಹೆಜ್ಜೆ ಸದ್ದೇ ನನಗೆ ಹೆದರಿಕೆ ಹುಟ್ಟಿಸಿದ್ದುಂಟು, ಕೌಲಿ ರೋಡಿನಲ್ಲಿ ಹಾಗೆ ಆಗಿಲ್ಲ. ಹಾಗಂತ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಇರುತ್ತದೆ ಅಂತಲೂ ಹೇಳುವುದಿಲ್ಲ. ಶುಕ್ರವಾರ, ಶನಿವಾರ ಸಂಗೀತದ ಹಾಲ್ ಬಿಟ್ಟಾಗ, ಪಬ್ ಮುಚ್ಚಿದಾಗ ಕೂಗಾಟ ಇರುತ್ತದೆ, ಕುಡಿದವರು ಹಾಡು ಹೇಳುತ್ತಾರೆ, ಅದೂ ಅಪಸ್ವರದಲ್ಲಿ. ಸೈಕಲ್ ಕಳವು ಧಾರಾಳ. ಕತ್ತಲಾದ ಮೇಲೆ ಸೌತ್ ಪಾರ್ಕಿನೊಳಗೆ, ಹೊಳೆ ಪಕ್ಕದ ಕಾಲುದಾರಿಯಲ್ಲಿ ಹೋಗುವುದು ಬೇಡ ಅಂತ ಹೇಳಿ. ಚಳಿಗಾಲದಲ್ಲಿ 'ಕತ್ತಲು' ಅಂದರೆ ಸಂಜೆ ನಾಲ್ಕು ಗಂಟೆ, ಅದನ್ನೂ ಹೇಳಿ.

ಹುಡುಗರ ವಿಷಯ. ಇಲ್ಲಿ ಹಂಚಿಕೊಂಡ ಮನೆ ಅಂದರೆ ಹೀಗೇ. ಒಬ್ಬೊಬ್ಬರಿಗೆ ಒಂದು ರೂಮು, ಅಡುಗೆಮನೆ ಬಚ್ಚಲು ಎಲ್ಲರಿಗೂ. ಅವಳ ರೂಮಿನ ಬಾಗಿಲಿಗೆ ಅವಳದೇ ಬೀಗ ಇದೆಯಾ ಅಂತ ಕೇಳಲಿ. ಅದಿದ್ದರೆ ಮುಂದೆ ಜಗಳ ಬರುವುದು ಹುಡುಗ ಹುಡುಗಿ ಅಂತಲ್ಲ, ಸಿಂಕಿನಲ್ಲಿ ಮೂರು ದಿನದಿಂದ ಬಿದ್ದಿರುವ ಬಾಣಲೆ ಯಾರದು ಅಂತ.

ಆ ಎರಡು ಕೆಲಸ: ಒಂದು, ಯಾರಾದರೂ ಪರಿಚಯದವರು ಆ ಮನೆಯನ್ನು ಕಣ್ಣಾರೆ ನೋಡುವವರೆಗೆ ಒಂದು ಪೌಂಡೂ ಕಳಿಸಬೇಡಿ. ಬೇರೆಯವರ ಮನೆ ಫೋಟೋ ಹಾಕಿ ಅಡ್ವಾನ್ಸ್ ಹೊಡೆಯುವ ಮೋಸ ಇಲ್ಲೂ ಇದೆ. ಎರಡು, ಸಂಬಂಧವಿಲ್ಲದ ಐದು ಜನ ಒಂದೇ ಮನೆಯಲ್ಲಿದ್ದರೆ ಇಂಗ್ಲೆಂಡಿನಲ್ಲಿ ಎಲ್ಲೇ ಆದರೂ ಮಾಲೀಕರಿಗೆ 'ಎಚ್‌ಎಂಒ' (ಹಲವರು ಹಂಚಿಕೊಂಡಿರುವ ಮನೆಯ) ಲೈಸೆನ್ಸ್ ಬೇಕು. ಆಕ್ಸ್‌ಫರ್ಡಿನಲ್ಲಂತೂ ಮೂರು ಜನ ಇದ್ದರೂ ಬೇಕು. ಲೈಸೆನ್ಸ್ ಇರುವ ಮನೆಗಳ ಪಟ್ಟಿಯನ್ನು ಸಿಟಿ ಕೌನ್ಸಿಲ್ ಎಲ್ಲರಿಗೂ ನೋಡಲು ಬಿಟ್ಟಿದೆ. ಅದರಲ್ಲಿ ಆ ವಿಳಾಸ ಇಲ್ಲದಿದ್ದರೆ ಬೇರೆ ಮನೆ ನೋಡಿ. ಬಾಡಿಗೆ ಎಷ್ಟೇ ಕಮ್ಮಿ ಇರಲಿ.

ಪ್ರಶ್ನೆ: ಅಕ್ಕಾ, ನಾನು ಬಂದು ಎರಡು ತಿಂಗಳಾಯಿತು. ಒಗ್ಗರಣೆ ಹಾಕಿದಾಗಲೆಲ್ಲ ಫೈರ್ ಅಲಾರಾಂ ಕೂಗುತ್ತೆ. ಮನೆಯವರೆಲ್ಲ ಚಳಿಯಲ್ಲಿ ಬೀದಿಗೆ ಬರ್ತಾರೆ. ಈಗ ಬರೀ ಬ್ರೆಡ್ ತಿಂತಿದ್ದೀನಿ. ಏನು ಮಾಡಲಿ? (ಶಿವಮೊಗ್ಗದ ಹುಡುಗಿ, ಈಗ ಇಫ್ಲಿ ರೋಡ್)

ಅಯ್ಯೋ ತಂಗಿ, ಬ್ರೆಡ್ ಬಿಡು, ಒಲೆ ಹಚ್ಚು. ನನ್ನ ಮೊದಲ ಮನೆಯಲ್ಲಿ ನನ್ನ ಸಾಸಿವೆ ಸಿಡಿಯುವುದಕ್ಕೂ ಅಲಾರಾಂ ಬಡಿಯುವುದಕ್ಕೂ ತಾಳ ಸರಿಹೋಗಿತ್ತು. ಮೂರನೇ ಸಲ ಬೀದಿಗೆ ಬಂದಾಗ ಮೇಲಿನ ರೂಮಿನ ಜರ್ಮನ್ ಹುಡುಗ ಸ್ವೆಟರ್ ಹಾಕಿಕೊಂಡು, ಕೈಯಲ್ಲಿ ಪುಸ್ತಕ ಹಿಡಿದುಕೊಂಡು ಬಂದ. ಗುರುವಾರ ಸಂಜೆ ಏಳಕ್ಕೆ ಸಾರು ಅಂತ ಅವನಿಗೆ ಗೊತ್ತಾಗಿಬಿಟ್ಟಿತ್ತು.

ವಿಷಯ ಇಷ್ಟೇ. ಇಂಥ ಮನೆಗಳಲ್ಲಿ ಅಡುಗೆಮನೆಯೊಳಗೆ ಸಾಮಾನ್ಯವಾಗಿ ಇರುವುದು ಬಿಸಿಗೆ ಕೂಗುವ ಅಲಾರಾಂ. ಹೊಗೆಗೆ ಕೂಗುವುದು ಇರುವುದು ಹೊರಗೆ, ಮೆಟ್ಟಿಲ ಹತ್ತಿರ. ನಿಮ್ಮ ಅಡುಗೆಮನೆಗೆ ಒಂದು ಭಾರದ, ತಾನಾಗಿಯೇ ಮುಚ್ಚಿಕೊಳ್ಳುವ ಬಾಗಿಲಿರುತ್ತದೆ. ಯಾರೋ ಪುಣ್ಯಾತ್ಮ ಓಡಾಡಲು ಕಷ್ಟ ಅಂತ ಅದಕ್ಕೆ ಕುರ್ಚಿಯನ್ನೋ ಚಪ್ಪಲಿಯನ್ನೋ ಒತ್ತು ಕೊಟ್ಟಿರುತ್ತಾನೆ. ಆ ತೆರೆದ ಬಾಗಿಲಿಂದ ನಿನ್ನ ಒಗ್ಗರಣೆ ಹೊಗೆ ಮೆಟ್ಟಿಲಿಗೆ ಹೋಗುತ್ತದೆ, ಅಲ್ಲಿ ಕೂಗುತ್ತದೆ. ಆದ್ದರಿಂದ ಬಾಗಿಲು ಹಾಕು, ಕಿಟಕಿ ತೆಗೆ, ಒಲೆ ಮೇಲಿನ ಫ್ಯಾನ್ ಹಾಕು, ಆಮೇಲೆ ಎಣ್ಣೆ ಇಡು. ಮೆಣಸಿನಕಾಯಿ ಕಪ್ಪಾಗುವ ತನಕ ಕಾಯಬೇಡ. ಬಾಗಿಲು ಹಾಕಿದ ಮೇಲೂ ಕೂಗಿದರೆ ಅಲಾರಾಂ ತಪ್ಪು ಜಾಗದಲ್ಲಿದೆ, ಮಾಲೀಕರಿಗೆ ಬರೆ. ಅಲಾರಾಂ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟುವ ಐಡಿಯಾ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡ. ಐದು ಜನ ಮಲಗುವ ಮನೆ ಅದು.

ಕರಿಬೇವು ಕೌಲಿ ರೋಡಿನ ಏಷ್ಯನ್ ಅಂಗಡಿಗಳಲ್ಲಿ ಸಿಗುತ್ತದೆ, ಬಂದ ದಿನವೇ ಖಾಲಿಯೂ ಆಗುತ್ತದೆ. ಸಿಕ್ಕಾಗ ಎರಡು ಕಟ್ಟು ತಂದು, ತೊಳೆದು ಒರೆಸಿ ಫ್ರೀಜರಿಗೆ ಹಾಕು. ಸೋನಾ ಮಸೂರಿ, ತೊಗರಿಬೇಳೆ, ಹುಣಸೆಹಣ್ಣಿಗೆ ತೊಂದರೆ ಇಲ್ಲ. ರಾಗಿ ಹಿಟ್ಟು ಒಮ್ಮೊಮ್ಮೆ ಕೈಕೊಡುತ್ತದೆ. ಊರಿಂದ ಯಾರಾದರೂ ಬರುವುದಿದ್ದರೆ ಅಮ್ಮನಿಗೆ ಹೇಳು: ಸಾರಿನ ಪುಡಿ, ಒಣಮೆಣಸು ಕಳಿಸಲಿ, ಹಸಿ ಸೊಪ್ಪು ಬೇಡ, ತುಪ್ಪವೂ ಬೇಡ, ಪೇಡವಂತೂ ಬೇಡವೇ ಬೇಡ. ಹಾಲಿನ ಪದಾರ್ಥವನ್ನು ಭಾರತದಿಂದ ಬ್ಯಾಗಿನಲ್ಲಿ ತರಲು ಇಲ್ಲಿನ ನಿಯಮ ಬಿಡುವುದಿಲ್ಲ. ಏರ್‌ಪೋರ್ಟಿನಲ್ಲಿ ಒಂದು ಕೆ.ಜಿ. ಧಾರವಾಡ ಪೇಡ ಕಸದ ಡಬ್ಬಕ್ಕೆ ಹೋಗುವುದನ್ನು ನೋಡಿದ್ದೇನೆ, ಆ ದುಃಖ ನಿನಗೆ ಬೇಡ.

ಇನ್ನೊಂದು, ನೀನು ಕೇಳದಿದ್ದರೂ ಹೇಳುತ್ತೇನೆ. ಮಲೆನಾಡಿನವಳು ನೀನು, ಒದ್ದೆ ಬಟ್ಟೆಯನ್ನು ಒಳಗೆ ಒಣಗಿಸುವುದು ಗೊತ್ತು. ಆದರೆ ಇಲ್ಲಿ ರೂಮಿನ ಹೀಟರ್ ಮೇಲೆ ಬಟ್ಟೆ ಹರವಿ, ಕಿಟಕಿ ಮುಚ್ಚಿಟ್ಟರೆ ಒಂದೇ ತಿಂಗಳಿಗೆ ಗೋಡೆಗೆ ಕಪ್ಪು ಬೂಷ್ಟು ಹಿಡಿಯುತ್ತದೆ. ನೂರು ವರ್ಷದ ಹಿಂದಿನ ಗೋಡೆಗಳು, ಹೊರಗೆ ಚಳಿ, ಒಳಗೆ ಹಬೆ. ದಿನಕ್ಕೆ ಹತ್ತು ನಿಮಿಷ ಕಿಟಕಿ ತೆಗಿ, ಚಳಿ ಆದರೂ ಪರವಾಗಿಲ್ಲ.

ಪ್ರಶ್ನೆ: ನಾವು ಮೈಸೂರಿನವರು. ಗಂಡ ಆಸ್ಪತ್ರೆಯಲ್ಲಿ ಕೆಲಸ, ಎರಡು ವರ್ಷದ ಮಗು ಇದೆ. ಪಕ್ಕದ ಮನೆಯಲ್ಲಿ ಆರು ಜನ ಸ್ಟೂಡೆಂಟ್ಸ್. ರಾತ್ರಿ ಎರಡರವರೆಗೆ ಹಾಡು, ನಗು, ಮೆಟ್ಟಿಲ ಮೇಲೆ ದಡಬಡ. ಕಸದ ಡಬ್ಬಗಳು ಫುಟ್‌ಪಾತ್ ತುಂಬ. ಮನೆ ಬಿಟ್ಟು ಹೋಗಬೇಕಾ? (ಹೆಸರು ಬೇಡ, ಕೌಲಿ ರೋಡ್)

ಈ ಜಗಳ ನಿಮ್ಮಿಂದ ಶುರುವಾಗಿದ್ದಲ್ಲ. 1355ರ ಫೆಬ್ರುವರಿ 10ರಂದು ಇದೇ ಊರಿನ ಒಂದು ಹೆಂಡದಂಗಡಿಯಲ್ಲಿ ವೈನ್ ಚೆನ್ನಾಗಿಲ್ಲ ಅಂತ ವಿದ್ಯಾರ್ಥಿಗಳು ತಕರಾರು ತೆಗೆದರು. ಅದು ಊರಿನವರಿಗೂ ಓದುವವರಿಗೂ ಹೊಡೆದಾಟವಾಗಿ, ಎರಡೂ ಕಡೆ ಸೇರಿ ತೊಂಬತ್ತರಷ್ಟು ಜನ ಸತ್ತರು. ತಪ್ಪು ಊರಿನವರದು ಅಂತ ತೀರ್ಮಾನವಾಗಿ, ಮೇಯರ್ ಪ್ರತಿ ವರ್ಷ ಯೂನಿವರ್ಸಿಟಿಗೆ ತಪ್ಪುಕಾಣಿಕೆ ಕೊಡಬೇಕಾಯಿತು. ಸುಮಾರು 470 ವರ್ಷ ಕೊಟ್ಟರು, 1825ರಲ್ಲಿ ಒಬ್ಬ ಮೇಯರ್ ಆಗುವುದಿಲ್ಲ ಅಂದ ಮೇಲೆ ನಿಂತಿತು. ನಿಮ್ಮದು ಅಷ್ಟು ದೂರ ಹೋಗುವುದು ಬೇಡ.

ನನ್ನ ಅನುಭವ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಪಕ್ಕದ ಮನೆಗೆ ಡ್ರಮ್ ಬಾರಿಸುವವನೊಬ್ಬ ಬಂದ. ಎರಡು ವಾರ ಹಲ್ಲು ಕಚ್ಚಿಕೊಂಡು ಕೂತೆ. ಒಂದು ರಾತ್ರಿ ಒಂದು ಗಂಟೆಗೆ ಶಾಲು ಹೊದ್ದು, ಮನೆ ಚಪ್ಪಲಿಯಲ್ಲೇ ಹೋಗಿ ಬಾಗಿಲು ಬಡಿದೆ. ಬಾಗಿಲು ತೆಗೆದ ಹುಡುಗಿ ಒಳಗೆ ತಿರುಗಿ 'ಯಾರದೋ ಅಮ್ಮ ಬಂದಿದ್ದಾರೆ' ಅಂತ ಕೂಗಿದಳು. ಇಡೀ ಮನೆ ತಣ್ಣಗಾಯಿತು. ಮಾರನೇ ದಿನ ತಿಳಿದದ್ದೇನೆಂದರೆ, ಗೋಡೆ ಇಷ್ಟು ತೆಳು ಅಂತ ಆ ಮಕ್ಕಳಿಗೆ ಗೊತ್ತೇ ಇರಲಿಲ್ಲ. ಹಿಂದಿನ ತಿಂಗಳವರೆಗೂ ಅಪ್ಪ ಅಮ್ಮನ ಮನೆಯಲ್ಲಿ ಇದ್ದವರು. ನಮ್ಮ ಮನೆಯ ಮಲಗುವ ಕೋಣೆಗೆ ಕರೆದುಕೊಂಡು ಬಂದು, ಅವರ ಮನೆಯ ಕೆಮ್ಮು ಕೇಳಿಸಿದೆ. ಆಮೇಲೆ ಡ್ರಮ್ ಹಗಲಿಗೆ ಬಂತು.

ಆದ್ದರಿಂದ ಅಕ್ಟೋಬರಿನಲ್ಲಿ, ಹೊಸಬರು ಬಂದ ಮೊದಲ ವಾರದಲ್ಲೇ ಹೋಗಿ ಪರಿಚಯ ಮಾಡಿಕೊಳ್ಳಿ. ಮಗುವನ್ನು ಎತ್ತಿಕೊಂಡು ಹೋಗಿ, ಅದು ನೂರು ದೂರಿಗೆ ಸಮ. ಫೋನ್ ನಂಬರ್ ಕೊಟ್ಟು, ಪಾರ್ಟಿ ಇದ್ದರೆ ಮೊದಲೇ ಒಂದು ಮೆಸೇಜ್ ಹಾಕಿ ಅನ್ನಿ. ತಿಂಗಳಿಗೊಂದು ಪಾರ್ಟಿಗೆ ನಾನು ಏನೂ ಅನ್ನುವುದಿಲ್ಲ, ಅವರ ವಯಸ್ಸಿನಲ್ಲಿ ನಾವು ಗಣಪತಿ ಪೆಂಡಾಲಿನಲ್ಲಿ ಮೈಕ್ ಹಾಕಿ ಇಡೀ ಬೀದಿಯ ನಿದ್ದೆ ಕೆಡಿಸಿದವರೇ. ಇದಕ್ಕೂ ಬಗ್ಗದಿದ್ದರೆ ತಾರೀಕು, ಗಂಟೆ ಬರೆದಿಡಲು ಶುರು ಮಾಡಿ. ಕಾನೂನಿನ ಲೆಕ್ಕದಲ್ಲಿ ರಾತ್ರಿ ಅಂದರೆ 11ರಿಂದ ಬೆಳಗ್ಗೆ 7. ಆ ಪಟ್ಟಿ ಹಿಡಿದು ಸಿಟಿ ಕೌನ್ಸಿಲಿಗೆ ದೂರು ಕೊಡಿ, ಅವರ ಯೂನಿವರ್ಸಿಟಿಗೂ ಬರೆಯಿರಿ. ಕೌನ್ಸಿಲ್ ನೋಟಿಸ್ ಕೊಡಬಹುದು. ಮಾಲೀಕರಿಗೆ ಲೈಸೆನ್ಸ್ ಇರುವುದರಿಂದ ಅವರಿಗೂ ಇದು ಬಿಸಿ ಮುಟ್ಟಿಸುತ್ತದೆ.

ಕಸದ್ದು ಸುಲಭ. ನೀಲಿ ಡಬ್ಬ ಮರುಬಳಕೆಗೆ, ಹಸಿರು ಡಬ್ಬ ಉಳಿದ ಕಸಕ್ಕೆ, ಒಂದು ವಾರ ಇದು, ಇನ್ನೊಂದು ವಾರ ಅದು. ಊಟದ ಕಸದ ಸಣ್ಣ ಡಬ್ಬ ಪ್ರತಿ ವಾರ. ಹೊಸಬರಿಗೆ ಇದು ಡಿಸೆಂಬರ್ ತನಕ ಅರ್ಥವಾಗುವುದಿಲ್ಲ. ಇಡೀ ಬೀದಿ ಒಬ್ಬರನ್ನು ನೋಡಿ ಇನ್ನೊಬ್ಬರು ಡಬ್ಬ ಹೊರಗಿಡುತ್ತದೆ, ಮೊದಲನೆಯವರು ತಪ್ಪಿದರೆ ಬೀದಿಯೇ ತಪ್ಪುತ್ತದೆ. ನೀವು ಮೊದಲನೆಯವರಾಗಿ.

ಮನೆ ಬಿಡುವ ತೀರ್ಮಾನ ಜೂನಿಗೆ ಮುಂದೂಡಿ. ಪರೀಕ್ಷೆ ಮುಗಿದು ಒಂದು ವಾರ ವಿಪರೀತ ಕುಣಿತ ಇರುತ್ತದೆ, ಆಮೇಲೆ ಇಡೀ ಓಣಿ ಖಾಲಿ. ಸೆಪ್ಟೆಂಬರ್ ತನಕ ಮಗುವಿನ ಅಳುವೇ ಬೀದಿಯಲ್ಲಿ ದೊಡ್ಡ ಸದ್ದು.

ಪ್ರಶ್ನೆ: ಅಕ್ಕಾ, ಮನೆ ಒಪ್ಪಂದಕ್ಕೆ ನಾವು ನಾಲ್ಕು ಜನ ಸೇರಿ ಸಹಿ ಹಾಕಿದ್ದೇವೆ. ಒಬ್ಬ ಓದು ಬಿಟ್ಟು ಹೊರಟಿದ್ದಾನೆ, ಅವನ ಬಾಡಿಗೆ ನಮ್ಮ ಮೇಲೆ ಬರುತ್ತಾ? ಡಿಪಾಸಿಟ್ ವಾಪಸ್ ಬರುತ್ತಾ? (ಹುಬ್ಬಳ್ಳಿಯ ಹುಡುಗ)

ಬರುತ್ತಪ್ಪಾ. ನಾಲ್ವರೂ ಒಂದೇ ಕರಾರಿಗೆ ಸಹಿ ಹಾಕಿದ್ದರೆ ಇಡೀ ಬಾಡಿಗೆಗೆ ಪ್ರತಿಯೊಬ್ಬರೂ ಹೊಣೆ, ಮಾಲೀಕರು ಯಾರನ್ನು ಬೇಕಾದರೂ ಹಿಡಿಯಬಹುದು. ರೂಮಿಗೊಂದು ಬೇರೆ ಕರಾರು ಇದ್ದಿದ್ದರೆ ಈ ತಲೆನೋವು ಇರುತ್ತಿರಲಿಲ್ಲ. ಈಗ ಮಾಡಬೇಕಾದ್ದು, ಹೊರಡುವವನ ಜಾಗಕ್ಕೆ ಇನ್ನೊಬ್ಬನನ್ನು ಹುಡುಕಿ, ಮಾಲೀಕರ ಒಪ್ಪಿಗೆ ತಗೊಂಡು, ಹೆಸರು ಬದಲಾಯಿಸಿದ ಕಾಗದ ಮಾಡಿಸಿಕೊಳ್ಳುವುದು. ಬಾಯಿಮಾತು ಬೇಡ. ಅವನು ವಿಮಾನ ಹತ್ತುವ ಮೊದಲೇ ಮಾಡು.

ಡಿಪಾಸಿಟ್ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ (ವರ್ಷದ ಬಾಡಿಗೆ 50,000 ಪೌಂಡಿನ ಒಳಗಿದ್ದರೆ). ಅದನ್ನು ಪಡೆದ 30 ದಿನದೊಳಗೆ ಸರ್ಕಾರ ಒಪ್ಪಿದ ಯೋಜನೆಯೊಂದರಲ್ಲಿ ಇಟ್ಟು ನಿಮಗೆ ವಿವರ ಕೊಡಬೇಕು. ಇಡದಿದ್ದರೆ ಕೋರ್ಟು ಡಿಪಾಸಿಟ್ಟಿನ ಒಂದರಿಂದ ಮೂರು ಪಟ್ಟು ನಿಮಗೆ ಕೊಡಿಸಬಹುದು. ಬಂದ ದಿನ ತೆಗೆದ ಫೋಟೋಗಳಿವೆಯಾ? ಇಲ್ಲದಿದ್ದರೆ ಇವತ್ತೇ ತೆಗೆ, ಕಾರ್ಪೆಟ್ ಕಲೆ, ಗೋಡೆ ಬೂಷ್ಟು, ಓವನ್ ಒಳಗು ಎಲ್ಲ. ನನ್ನ ಮೊದಲ ಡಿಪಾಸಿಟ್ಟಿನಲ್ಲಿ ನಾನು ಮಾಡದ ಒಂದು ಇಸ್ತ್ರಿ ಕಲೆಗೆ ದುಡ್ಡು ಹಿಡಿದರು. ಫೋಟೋ ಇರಲಿಲ್ಲ, ಸುಮ್ಮನಾದೆ.

ನಿನ್ನ ಹಾಗೆ ಬರೆದ ಇನ್ನೂ ಮೂರು ಜನರಿಗೆ ಸೇರಿಸಿ: ಇಲ್ಲಿ ಜಾಮೀನು ನಿಲ್ಲುವವರು ಇಲ್ಲ ಅಂತ ಹೊರದೇಶದ ಹುಡುಗರ ಹತ್ತಿರ ಆರು ತಿಂಗಳ ಬಾಡಿಗೆ ಒಟ್ಟಿಗೆ ಕೇಳುವ ಪದ್ಧತಿ ಇತ್ತು. ಇಂಗ್ಲೆಂಡಿನ ಹೊಸ ಬಾಡಿಗೆ ಕಾಯ್ದೆ ಪ್ರಕಾರ 2026ರ ಮೇ 1ರಿಂದ ಸಾಮಾನ್ಯ ಬಾಡಿಗೆ ಮನೆಗೆ ಒಂದು ತಿಂಗಳಿಗಿಂತ ಜಾಸ್ತಿ ಮುಂಗಡ ಬಾಡಿಗೆ ಕೇಳುವಂತಿಲ್ಲ. ಹಾಸ್ಟೆಲಿನಂಥ ದೊಡ್ಡ ವಿದ್ಯಾರ್ಥಿ ಕಟ್ಟಡಗಳ ಲೆಕ್ಕ ಬೇರೆ. ಕೌನ್ಸಿಲ್ ಟ್ಯಾಕ್ಸ್ (ಮನೆಗೆ ಕೌನ್ಸಿಲ್ ಹಾಕುವ ತೆರಿಗೆ): ಮನೆಯಲ್ಲಿ ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾಗಿದ್ದರೆ ಇಲ್ಲ. ಒಬ್ಬ ಓದು ಮುಗಿಸಿ ಕೆಲಸಕ್ಕೆ ಸೇರಿ ಅಲ್ಲೇ ಉಳಿದರೆ ಬಿಲ್ಲು ಬರುತ್ತದೆ, ಶೇಕಡಾ 25 ರಿಯಾಯಿತಿಯಲ್ಲಿ. ಅದು ಆ ಕೆಲಸದವನ ಹೊಣೆ, ಓದುವವರದ್ದಲ್ಲ. ಪಿಜ್ಜಾ ಕೊಡಿಸಿ ನಿಮ್ಮಿಂದ ಪಾಲು ಕೇಳಬಹುದು, ಹುಷಾರು.

ಪ್ರಶ್ನೆ: ಮ್ಯಾಗ್ಡಲೆನ್ ಸೇತುವೆಯೋ, ಮಾಡ್ಲಿನ್ ಸೇತುವೆಯೋ? ಬಸ್ಸಿನಲ್ಲಿ ಕೇಳಿ ನಗೆಪಾಟಲಾದೆ. (ತುಮಕೂರು)

ನಾನು ಮೊದಲೇ ಹೇಳಿದ ಹೈ ಸ್ಟ್ರೀಟಿನ ಸೇತುವೆ ಅದು. ಬರೆಯುವುದು ಮ್ಯಾಗ್ಡಲೆನ್, ಅನ್ನುವುದು ಮಾಡ್ಲಿನ್. ಕೆಳಗಿನ ಹೊಳೆಯನ್ನು ಚರ್ವೆಲ್ ಅಂತ ಓದಬೇಡಿ, ಇಲ್ಲಿನವರ ಬಾಯಲ್ಲಿ ಅದು ಚಾರ್ವೆಲ್. ಥೇಮ್ಸ್ ಕೂಡ ಈ ಊರಿಗೆ ಬಂದಾಗ ಐಸಿಸ್ ಅಂತ ಹೆಸರು ಬದಲಾಯಿಸಿಕೊಳ್ಳುತ್ತದೆ. 'ಆಕ್ಸ್‌ಫರ್ಡ್ ಟ್ಯೂಬ್' ಅಂತ ಬೋರ್ಡ್ ನೋಡಿ ನೆಲದಡಿಯ ರೈಲು ಹುಡುಕಬೇಡಿ, ಅದು ಲಂಡನ್ನಿಗೆ ಹೋಗುವ ಬಸ್ಸು. ನಗುವವರು ನಗಲಿ, ಅವರಿಗೆ ಚಿಕ್ಕನಾಯಕನಹಳ್ಳಿ ಅನ್ನಲು ಹೇಳಿ.

ಪ್ರಶ್ನೆ: ಅಮ್ಮ ಅಪ್ಪ ಎರಡು ತಿಂಗಳಿಗೆ ಬರುತ್ತಿದ್ದಾರೆ. ನಾನು ಕೆಲಸಕ್ಕೆ ಹೋದರೆ ಅವರಿಗೆ ಬೇಜಾರಾಗುತ್ತೆ. ಈ ಗದ್ದಲದ ಕೇರಿಯಲ್ಲಿ ವಯಸ್ಸಾದವರು ಏನು ಮಾಡಬೇಕು? (ಉಡುಪಿಯವರು, ಸೇಂಟ್ ಕ್ಲೆಮೆಂಟ್ಸ್)

ಏಪ್ರಿಲ್ ಕೊನೆಗೆ ಕರೆಸಿ, ಚಳಿಗಾಲಕ್ಕೆ ಬೇಡ. ಮೇ 1ರ ಬೆಳಗ್ಗೆ ಆರಕ್ಕೆ ಸೇತುವೆ ಪಕ್ಕದ ಮಾಡ್ಲಿನ್ ಕಾಲೇಜಿನ ಗೋಪುರದ ತುದಿಯಿಂದ ಕಾಲೇಜಿನ ಗಾಯಕವೃಂದದ ಹಾಡು ಇರುತ್ತದೆ. ಸೇತುವೆ ತುಂಬ ಜನ ಕತ್ತೆತ್ತಿ ನಿಂತು ಕೇಳುತ್ತಾರೆ, ಅರ್ಧದಷ್ಟು ಜನ ಹಿಂದಿನ ರಾತ್ರಿಯಿಂದ ಮಲಗೇ ಇರುವುದಿಲ್ಲ. ನಮ್ಮ ಅಮ್ಮ ಧನುರ್ಮಾಸದ ಪೂಜೆಗೆ ಎದ್ದ ಹಾಗೆ ಎದ್ದು, ಸ್ನಾನ ಮಾಡಿ ಹೊರಟಿದ್ದರು. ಬಾಲ್ಕನಿಯಿಂದ ಯಾರೋ ಹೂವು ಎಸೆದರಂತೆ, ಇವತ್ತಿಗೂ ಊರಲ್ಲಿ ಹೇಳಿಕೊಂಡು ತಿರುಗುತ್ತಾರೆ.

ಸೇತುವೆ ಹತ್ತಿರವೇ ಬೊಟಾನಿಕ್ ಗಾರ್ಡನ್ ಇದೆ, 1621ರದ್ದು, ಬ್ರಿಟನ್ನಿನಲ್ಲೇ ಹಳೆಯದು. ಅಲ್ಲಿನ ಗಾಜಿನ ಮನೆ ತೆರೆದಿದ್ದರೆ ಅದರೊಳಗೆ ಅವರಿಗೆ ಊರಿನ ಬಿಸಿಲು ಸಿಗುತ್ತದೆ. ಆಶ್ಮೋಲಿಯನ್ ಮ್ಯೂಸಿಯಂ, ಪಿಟ್ ರಿವರ್ಸ್ ಮ್ಯೂಸಿಯಂ ಎರಡಕ್ಕೂ ಟಿಕೆಟ್ ಇಲ್ಲ, ಎಷ್ಟು ಸಲ ಬೇಕಾದರೂ ಹೋಗಬಹುದು. ಸಂಜೆ ಸೌತ್ ಪಾರ್ಕಿನ ಏರು ಹತ್ತಿ ಬೆಂಚಿನಲ್ಲಿ ಕೂತರೆ ಗೋಪುರಗಳೆಲ್ಲ ಒಟ್ಟಿಗೆ ಕಾಣುತ್ತವೆ. ಜ್ಯೂನ್ ಸ್ಟ್ರೀಟಿನಲ್ಲಿ 1911ರ ಒಂದು ಪುಟ್ಟ ಸಿನಿಮಾ ಮಂದಿರ ಇನ್ನೂ ಇದೆ, ನಮ್ಮ ಹಳೇ ಟಾಕೀಸುಗಳ ನೆನಪಾಗುತ್ತದೆ. ಅಪ್ಪನಿಗೆ ಓಟದ ಹುಚ್ಚಿದ್ದರೆ ಇಫ್ಲಿ ರೋಡಿನ ಟ್ರ್ಯಾಕ್ ತೋರಿಸಿ. 1954ರ ಮೇ 6ರಂದು ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದ್ದು ಅಲ್ಲೇ, ನಾಲ್ಕು ನಿಮಿಷದ ಒಳಗೆ ಓಡಿದ ಮೊದಲ ಮನುಷ್ಯ. ನಾಟಕದ ಹುಚ್ಚಿದ್ದರೆ, ಗಿರೀಶ್ ಕಾರ್ನಾಡರು ರೋಡ್ಸ್ ಸ್ಕಾಲರ್ ಆಗಿ 1960ರಿಂದ 63ರವರೆಗೆ ಓದಿದ ಊರು ಇದು, ಆಕ್ಸ್‌ಫರ್ಡ್ ಯೂನಿಯನ್ ಎಂಬ ವಿದ್ಯಾರ್ಥಿಗಳ ಚರ್ಚಾಕೂಟದ ಅಧ್ಯಕ್ಷರೂ ಆಗಿದ್ದರು. ಯೂನಿಯನ್ ಕಟ್ಟಡದ ಮುಂದೆ ಒಂದು ಫೋಟೋ ಹೊಡೆಸಿ.

ಇದೆಲ್ಲ ಒಂದು ವಾರದ ಮಾತು. ಉಳಿದ ಏಳು ವಾರ ಅವರನ್ನು ಕಾಯುವುದು ಕೌಲಿ ರೋಡೇ. ದಿನಕ್ಕೊಮ್ಮೆ ತರಕಾರಿ ಅಂಗಡಿಗೆ ಕಳಿಸಿ. ನಮ್ಮ ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಅಂಗಡಿಯ ಬಾಂಗ್ಲಾ ಅಜ್ಜನಿಗೆ ಕನ್ನಡ ಬರುವುದಿಲ್ಲ. ಬದನೆಕಾಯಿ ಎಳೆಯದಲ್ಲ ಅಂತ ಇಬ್ಬರೂ ಕಾಲು ಗಂಟೆ ಜಗಳ ಮಾಡುತ್ತಿದ್ದರು. ಮನೆಗೆ ಬಂದರೆ ಮುಖದಲ್ಲಿ ಕಳೆ.

ಪ್ರಶ್ನೆ: ಸೈಕಲ್ ತಗೊಳ್ಳಲೇಬೇಕಾ? (ಕೋಲಾರ)

ತಗೊಳ್ಳಿ, ಹಳೆಯದು. ಸೈಕಲ್ಲಿಗಿಂತ ಬೀಗ ಗಟ್ಟಿಯಾಗಿರಲಿ, ಡಿ-ಲಾಕ್ ಅನ್ನುವ ಡಿ ಆಕಾರದ ಬೀಗ. ಕತ್ತಲಲ್ಲಿ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇಲ್ಲಿ ಕಡ್ಡಾಯ. ದಿ ಪ್ಲೇನ್ ಸರ್ಕಲ್ ಹೆದರಿಕೆ ಆದರೆ ಇಳಿದು ತಳ್ಳಿಕೊಂಡು ಹೋಗಿ, ನಾನು ಈಗಲೂ ಹಾಗೇ ಮಾಡುತ್ತೇನೆ. 2022ರಿಂದ ಒಳ ಓಣಿಗಳಿಗೆ ಅಡ್ಡ ಕಂಬ, ಗಿಡದ ಪೆಟ್ಟಿಗೆ ಇಟ್ಟು ಕಾರು ನುಗ್ಗದ ಹಾಗೆ ಮಾಡಿದ್ದಾರೆ. ಕಾರಿನವರು ಬೈದರು, ಅಂಗಡಿಯವರಲ್ಲಿ ಕೆಲವರು ಬೈದರು, ಕಂಬಗಳನ್ನು ರಾತ್ರೋರಾತ್ರಿ ಮುರಿದವರೂ ಇದ್ದಾರೆ. ಸೈಕಲ್ಲಿನವಳಾಗಿ ನನಗೆ ಒಳ್ಳೆಯದೇ ಆಗಿದೆ.

ಪ್ರಶ್ನೆ: ಹದಿನಾಲ್ಕು ವರ್ಷ ಹುಡುಗರ ನಡುವೆ ಇದ್ದೀರಲ್ಲ, ನಿಮಗೆ ವಯಸ್ಸಾದ ಮೇಲೂ ಅಲ್ಲೇ ಇರ್ತೀರಾ? (ಬೆಂಗಳೂರಿನ ಓದುಗಿ)

ಇದನ್ನು ನನ್ನ ಗಂಡನೂ ಕೇಳುತ್ತಾರೆ. ವಿಚಿತ್ರ ಏನು ಗೊತ್ತಾ, ಪಕ್ಕದ ಮನೆಯವರ ವಯಸ್ಸು ಹದಿನಾಲ್ಕು ವರ್ಷದಿಂದ ಇಪ್ಪತ್ತೊಂದೇ. ನಾನು ಬಂದಾಗ ಅವರಿಗೆ ನಾನು ಅಕ್ಕನ ಹಾಗಿದ್ದೆ, ಆಗಲೇ ಹೇಳಿದ ಹಾಗೆ ಯಾರದೋ ಅಮ್ಮ ಆಗಿದ್ದೇನೆ, ಇನ್ನು ಸ್ವಲ್ಪ ವರ್ಷಕ್ಕೆ ಅಜ್ಜಿ ಅನ್ನಿಸಿಕೊಳ್ಳುತ್ತೇನೆ. ಹೆಸರು ಕಲಿಯುವಷ್ಟರಲ್ಲಿ ಹೊರಟುಬಿಡುತ್ತಾರೆ ಅನ್ನುವುದು ಬೇಜಾರೇ. ಮೊದಮೊದಲು ನಾನು ಪರಿಚಯ ಮಾಡಿಕೊಳ್ಳುವುದನ್ನೇ ಬಿಟ್ಟಿದ್ದೆ, ಯಾಕೆ ಸುಮ್ನೆ ಅಂತ. ಆ ಎರಡು ವರ್ಷವೇ ನನಗೆ ಇಲ್ಲಿ ಒಂಟಿ ಅನ್ನಿಸಿದ್ದು. ಈಗ ಪ್ರತಿ ಅಕ್ಟೋಬರಿನಲ್ಲಿ ಹೋಗಿ ಬಾಗಿಲು ಬಡಿಯುತ್ತೇನೆ. ನಮ್ಮ ಓಣಿಯಲ್ಲಿ ಖಾಯಂ ಇರುವವರು ಏಳೇ ಮನೆ. ಎದುರು ಮನೆಯ ಜಮೈಕಾದ ಅಜ್ಜಿ ಈಗಲೂ ಕಿಟಕಿಯಲ್ಲಿ ಕೂತು ಯಾರು ಎಷ್ಟಕ್ಕೆ ಬಂದರು ಅಂತ ಲೆಕ್ಕ ಇಡುತ್ತಾರೆ. ಅವರು ಇರುವ ತನಕ ನಾನು ಎಲ್ಲಿಗೂ ಹೋಗುವುದಿಲ್ಲ ಅಂತ ಗಂಡನಿಗೆ ಹೇಳಿದ್ದೇನೆ.

ಜೂನಿನಲ್ಲಿ ಮನೆ ಖಾಲಿ ಮಾಡುವಾಗ ಈ ಮಕ್ಕಳು ಬೇಡದ ಸಾಮಾನನ್ನು ಮುಂದಿನ ಮೋಟುಗೋಡೆ ಮೇಲೆ ಇಟ್ಟು, 'ಬೇಕಾದವರು ತಗೊಳ್ಳಿ' ಅಂತ ಚೀಟಿ ಅಂಟಿಸಿ ಹೋಗುತ್ತಾರೆ. ಕೆಟಲ್, ಕುರ್ಚಿ, ಟೇಬಲ್ ಲ್ಯಾಂಪ್, ಒಂದು ಸಲ ಯೋಗದ ಚಾಪೆ. ಹೋದ ವರ್ಷ ಯಾರೋ ನಮ್ಮ ಕಡೆಯ ಹುಡುಗಿ ಐದು ಲೀಟರಿನ ಕುಕ್ಕರ್ ಬಿಟ್ಟು ಹೋಗಿದ್ದಳು. ಸೀಟಿ ಇದೆ, ಗ್ಯಾಸ್ಕೆಟ್ ಹೋಗಿದೆ. ದಾವಣಗೆರೆಯ ಯಜಮಾನರೇ, ಮಗಳು ಸೆಪ್ಟೆಂಬರಿನಲ್ಲಿ ಬರುವಾಗ ಒಂದು ಗ್ಯಾಸ್ಕೆಟ್ ಕಳಿಸಿಕೊಡಿ, ಕುಕ್ಕರ್ ಅವಳಿಗೇ ಕೊಡುತ್ತೇನೆ.